ಗ್ರಾಫಿಕ್ಸ್ ಕಾರ್ಡು: ಆವೃತ್ತಿಭೇದ ಮತ್ತು ವೇಗದ ಮಿತಿ

ಒಂದೇ ಹೆಸರಿನ ಎರಡು ಓಲೆಗರಿಯ ಪ್ರತಿಗಳು ದೊರೆತಾಗ ವಿದ್ವಾಂಸನು ಮೊದಲು ಅವುಗಳ ಪಾಠವನ್ನು ಸರಿನೋಡುತ್ತಾನೆ. ಒಂದರಲ್ಲಿ ಪದ್ಯಗಳು ಬಿಟ್ಟುಹೋಗಿರಬಹುದು. ಇನ್ನೊಂದರಲ್ಲಿ ಲಿಪಿಕಾರನ ತಿದ್ದುಪಡಿ ಸೇರಿರಬಹುದು. ಪಾಠನಿರ್ಣಯವಾಗದೆ ವ್ಯಾಖ್ಯಾನಕ್ಕೆ ಕೈಹಾಕುವುದು ಉಚಿತವಲ್ಲ. ಇಂದಿನ ಶಾಲೆಗಳ ಗಣಕಯಂತ್ರದ ಕೋಣೆಗೂ ಈ ನ್ಯಾಯವು ಅನ್ವಯಿಸುತ್ತದೆ. ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಂತಹ ಊರಿನ ಶಾಲೆಯಲ್ಲಿ ದಾನಿಗಳ ಔದಾರ್ಯದಿಂದ ಬಂದ ಒಂದು ಯಂತ್ರವು ಅನೇಕ ತರಗತಿಗಳ ಮಕ್ಕಳಿಗೆ ಒದಗಬೇಕಾಗಿರುತ್ತದೆ. ಅದನ್ನು ಕೊಳ್ಳುವಾಗಿನ ಅಜ್ಞಾನವಾಗಲಿ ಬಳಸುವಾಗಿನ ದುಡುಕಾಗಲಿ ಆ ಮಕ್ಕಳೆಲ್ಲರಿಗೂ ನಷ್ಟವನ್ನುಂಟುಮಾಡುತ್ತದೆ.

ಕಾರ್ಡಿನ ಸ್ವರೂಪ

ಪರದೆಯ ಮೇಲೆ ಮೂಡುವ ಚಿತ್ರಗಳನ್ನು ಲೆಕ್ಕಹಾಕಿ ರಚಿಸುವ ಅಂಗವೇ ಗ್ರಾಫಿಕ್ಸ್ ಕಾರ್ಡು. ಇದರಲ್ಲಿ ಲೆಕ್ಕಮಾಡುವ ಚಿಪ್ಪು, ಅದಕ್ಕೆ ಸಾಮಗ್ರಿಯನ್ನು ಒದಗಿಸುವ ಸ್ಮೃತಿ, ವಿದ್ಯುತ್ತನ್ನು ಹದಗೊಳಿಸುವ ಭಾಗ, ಶಾಖವನ್ನು ಹೊರದೂಡುವ ಫ್ಯಾನು ಎಂಬ ನಾಲ್ಕು ಮುಖ್ಯ ಅಂಗಗಳುಂಟು. ಇಂತಹ ಚಿಪ್ಪುಗಳ ವಿನ್ಯಾಸಕಾರ್ಯವು ನಮ್ಮ ನಾಡಿನಲ್ಲಿಯೂ ನಡೆಯುತ್ತಿದೆ. ಎಎಂಡಿ ಸಂಸ್ಥೆಯು ತನ್ನ ಅತಿದೊಡ್ಡ ವಿನ್ಯಾಸಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ತೆರೆಯಿತು.

ಚಿಪ್ಪು ಒಂದೇ ಬಾರಿಗೆ ಸಿದ್ಧವಾಗುವ ವಸ್ತುವಲ್ಲ. ಮೊದಲ ರೂಪಕ್ಕೆ ಎ0 ಎಂದೂ, ಅಲ್ಪ ತಿದ್ದುಪಡಿಯಾದಾಗ ಎ1 ಎಂದೂ, ಹಿರಿದಾದ ತಿದ್ದುಪಡಿಯಾದಾಗ ಬಿ0 ಎಂದೂ ಗುರುತಿಸುವುದು ಸಾಮಾನ್ಯ ರೂಢಿ. ಚಿಪ್ಪನ್ನು ಹೊತ್ತ ಹಲಗೆಗೂ ಆವೃತ್ತಿಗಳುಂಟು. ಕೆಲವು ತಯಾರಕರು ಆವೃತ್ತಿಯ ಸಂಖ್ಯೆಯನ್ನು ಹಲಗೆಯ ಮೇಲೆಯೇ ಮುದ್ರಿಸುತ್ತಾರೆ. ಹಸ್ತಪ್ರತಿಯ ಕೊನೆಯ ಪುಷ್ಪಿಕೆಯಂತೆ ಇದನ್ನು ಮೊದಲು ಓದಿಕೊಳ್ಳಬೇಕು.

ಹೆಸರೊಂದು, ಪಾಠವೆರಡು

ಅಗ್ಗದ ಕಾರ್ಡುಗಳಲ್ಲಿ ಪ್ರಸಿದ್ಧವಾದ ಜಿಟಿ 1030 ಎಂಬುದು ಇದಕ್ಕೆ ಉತ್ತಮ ನಿದರ್ಶನ. ಎನ್‌ವಿಡಿಯಾ ಸಂಸ್ಥೆಯು ಇದನ್ನು 2017ರಲ್ಲಿ ಹೊರತಂದಾಗ ಅದರಲ್ಲಿದ್ದುದು ಜಿಡಿಡಿಆರ್5 ಎಂಬ ಶೀಘ್ರಗತಿಯ ಸ್ಮೃತಿ. ಸೆಕೆಂಡಿಗೆ 48 ಗಿಗಾಬೈಟ್ ಸಾಮಗ್ರಿಯನ್ನು ಅದು ಸಾಗಿಸಬಲ್ಲುದು. 2018ರಲ್ಲಿ ಅದೇ ಹೆಸರಿನಿಂದ ಬಂದ ಇನ್ನೊಂದು ರೂಪದಲ್ಲಿ ಸಾಧಾರಣವಾದ ಡಿಡಿಆರ್4 ಸ್ಮೃತಿಯಿತ್ತು. ಅದರ ಸಾಮರ್ಥ್ಯ 16.8 ಗಿಗಾಬೈಟ್ ಮಾತ್ರ. ಹೆಸರು ಅದೇ, 2 ಗಿಗಾಬೈಟ್ ಸ್ಮೃತಿಯ ಗಾತ್ರವೂ ಅದೇ. ಒಳಗಿನ ಗತಿ ಮಾತ್ರ ಸುಮಾರು ಮೂರನೆಯ ಒಂದು ಪಾಲು.

ಮಂದವಾದ ಈ ರೂಪವು ಕೈಗೆ ಬಂದಾಗ ‘ವೇಗ ಹೆಚ್ಚಿಸಿದರೆ ಸರಿಹೋದೀತು’ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಅದರ ಸ್ಮೃತಿಯ ಗತಿಯನ್ನು ನೂರಕ್ಕೆ ಹತ್ತರಷ್ಟು ಏರಿಸಿದರೂ 16.8 ಎಂಬುದು ಸುಮಾರು 18.5 ಆಗುತ್ತದೆಯೇ ಹೊರತು 48ರ ಹತ್ತಿರಕ್ಕೂ ಬಾರದು. ಆವೃತ್ತಿಯ ಕೊರತೆಯನ್ನು ವೇಗವರ್ಧನೆಯು ತುಂಬಲಾರದು. ಆದುದರಿಂದ ದಾನ ನೀಡುವವರೂ ಕೊಳ್ಳುವವರೂ ಹೆಸರಿನೊಡನೆ ಸ್ಮೃತಿಯ ಜಾತಿಯನ್ನೂ ಬೆಲೆಪಟ್ಟಿಯಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಆವೃತ್ತಿಭೇದವು ಯಾವಾಗಲೂ ಇಳಿತವೇ ಎಂದು ತಿಳಿಯಬೇಕಾಗಿಲ್ಲ. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಎಂಬ ಬಲಿಷ್ಠ ಕಾರ್ಡಿನ ವಿದ್ಯುತ್ ಜೋಡಣೆಗಳು ಕೆಲವೆಡೆ ಕರಗಿದುವು. ಜೋಡಣೆಯು ಪೂರ್ಣವಾಗಿ ಒಳಗೆ ಕೂರದಿದ್ದುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಕಂಡುಬಂದಿತು. 2023ರ ಪರಿಷ್ಕೃತ ಜೋಡಣೆಯಲ್ಲಿ ಸಂಜ್ಞೆಯ ಕಡ್ಡಿಗಳನ್ನು ಗಿಡ್ಡಗೊಳಿಸಿ, ಸರಿಯಾಗಿ ಕೂರದ ಹೊರತು ಕಾರ್ಡು ವಿದ್ಯುತ್ತನ್ನು ಎಳೆಯದಂತೆ ಏರ್ಪಡಿಸಲಾಯಿತು.

ವೇಗವರ್ಧನೆಯ ಗಣಿತ

ಚಿಪ್ಪಿನ ಕಾರ್ಯವೆಲ್ಲವೂ ಒಂದು ವಿದ್ಯುತ್ ತಾಳಕ್ಕನುಸಾರವಾಗಿ ನಡೆಯುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ತಾಳ ಬಿದ್ದರೆ ಅದು ಒಂದು ಮೆಗಾಹರ್ಟ್ಸ್. ನಿಗದಿಯಾದ ಲಯವನ್ನು ಮೀರಿ ನಡೆಸುವುದೇ ಓವರ್‌ಕ್ಲಾಕಿಂಗ್. ಒಂದೇ ಅಚ್ಚಿನ ಚಿಪ್ಪುಗಳೂ ಸಮಬಲದವುಗಳಲ್ಲ. ದುರ್ಬಲವಾದುದೂ ತಾಳಿಕೊಳ್ಳುವಂತೆ ತಯಾರಕರು ಲಯವನ್ನು ನಿಗದಿಪಡಿಸುವುದರಿಂದ ಬಲವಾದವುಗಳಲ್ಲಿ ತುಸು ಅವಕಾಶ ಉಳಿದಿರುತ್ತದೆ. ಆದರೆ ನೆರೆಯ ಶಾಲೆಯ ಕಾರ್ಡು ತಾಳಿದ ವೇಗವನ್ನು ನಮ್ಮದೂ ತಾಳಬೇಕೆಂಬ ನಿಯಮವಿಲ್ಲ.

ಚಿಪ್ಪು ದುಡಿಯುವಾಗ ವ್ಯಯವಾಗುವ ವಿದ್ಯುತ್ತು ಲಯದ ಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಲಯ ಮಾತ್ರ ನೂರಕ್ಕೆ ಹತ್ತು ಏರಿದರೆ ವ್ಯಯವೂ ಹತ್ತರಷ್ಟು ಏರೀತು. ಅದರೊಡನೆ ವೋಲ್ಟೇಜನ್ನೂ ಹತ್ತರಷ್ಟು ಏರಿಸಿದರೆ 1.1 × 1.1 × 1.1 = 1.331, ಎಂದರೆ ಹತ್ತರ ಲಾಭಕ್ಕೆ ಮೂವತ್ತಮೂರರ ಶಾಖ. ಫ್ಯಾನು ಕೋಣೆಯ ಗಾಳಿಗಿಂತ ಕಾರ್ಡನ್ನು ತಂಪಾಗಿಸಲಾರದು. ಮಾಗಿಯಲ್ಲಿ ಸರಿಯಾಗಿ ನಡೆದುದು ವೈಶಾಖದ ಬಿಸಿಲಿನಲ್ಲಿ ಎಡವುವುದು ಈ ಕಾರಣದಿಂದಲೇ.

ಸುರಕ್ಷಿತ ಕ್ರಮ

ಅಧ್ಯಾಪಕರ ಸಮಕ್ಷದಲ್ಲಿ, ಪ್ರಯೋಗಕ್ಕೆಂದೇ ಮೀಸಲಾದ ಯಂತ್ರದಲ್ಲಿ ಮಾತ್ರ ಈ ಪ್ರಯೋಗ ನಡೆಯತಕ್ಕದ್ದು. ಮೊದಲು ಆವೃತ್ತಿಯನ್ನು ಗುರುತಿಸಿ, ವಾರಂಟಿಯ ನಿಬಂಧನೆಗಳನ್ನು ಓದಿ, ಫ್ಯಾನಿನ ಧೂಳನ್ನು ತೆಗೆಯಬೇಕು. ಅನೇಕ ವೇಳೆ ಧೂಳು ತೆಗೆದ ಮಾತ್ರಕ್ಕೆ ಕಳೆದುಹೋದ ವೇಗವು ಮರಳುತ್ತದೆ. ಬಿಸಿಯಾದ ಕಾರ್ಡು ತನ್ನ ಲಯವನ್ನು ತಾನೇ ತಗ್ಗಿಸಿಕೊಂಡಿರುತ್ತದೆ. ಅನಂತರ ಯಥಾಸ್ಥಿತಿಯ ವೇಗ, ಶಾಖಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.

ವೋಲ್ಟೇಜನ್ನು ಮುಟ್ಟದೆ ಚಿಪ್ಪಿನ ಲಯವನ್ನು 10 ಅಥವಾ 15 ಮೆಗಾಹರ್ಟ್ಸ್‌ನಷ್ಟೇ ಏರಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಬಹುಹೊತ್ತು ದುಡಿಸಿ ಪರೀಕ್ಷಿಸಬೇಕು. ಪರದೆಯ ಮೇಲೆ ಚುಕ್ಕೆ, ಪಟ್ಟೆಗಳು ಮೂಡಿದರೆ ಮಿತಿ ಮೀರಿತೆಂದೇ ಅರ್ಥ. ಕೂಡಲೇ ಹಿಂದಿನ ಮೆಟ್ಟಿಲಿಗಿಂತಲೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಸ್ಮೃತಿಯ ಲಯವನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಜಿಡಿಡಿಆರ್5ರಂತಹ ಸ್ಮೃತಿಯು ತಪ್ಪಾದ ಸಾಮಗ್ರಿಯನ್ನು ಮತ್ತೆ ಕಳುಹಿಸುವುದರಿಂದ, ದೋಷವು ಕಣ್ಣಿಗೆ ಬೀಳದೆಯೇ ಕೆಲಸ ನಿಧಾನವಾಗಬಹುದು. ಬೇರೆ ಆವೃತ್ತಿಯ ಬಯಾಸ್ ತಂತ್ರಾಂಶವನ್ನು ಎಂದಿಗೂ ತುಂಬಬಾರದು. ತಾಯಿಹಲಗೆಯ ಕಿಂಡಿಯು ಕಾರ್ಡಿಗೆ ಕೊಡಬಲ್ಲುದು 75 ವಾಟ್ ಮಾತ್ರವೆಂಬುದನ್ನೂ ಮರೆಯಬಾರದು.

ಶಾಲೆಯ ನಿತ್ಯದ ಯಂತ್ರಗಳಿಗಾದರೋ ಇದರ ವಿಲೋಮವೇ ಹಿತ. ಲಯವನ್ನು ಇದ್ದಂತೆಯೇ ಬಿಟ್ಟು, ಕಾರ್ಡು ಅವಕಾಶ ಕೊಟ್ಟಲ್ಲಿ ವೋಲ್ಟೇಜನ್ನು ಮೆಲ್ಲಮೆಲ್ಲನೆ ತಗ್ಗಿಸಿ ಪರೀಕ್ಷಿಸಿದರೆ ಶಾಖವೂ ಫ್ಯಾನಿನ ಶ್ರಮವೂ ಕಡಿಮೆಯಾಗುತ್ತವೆ. ಆವೃತ್ತಿ, ಕೊಂಡ ವರ್ಷ, ಶಾಖ, ಶುಚಿಗೊಳಿಸಿದ ದಿನ ಇಷ್ಟನ್ನು ಬರೆದ ಒಂದು ದಾಖಲೆ ಪುಸ್ತಕವು ಪ್ರತಿ ಶಾಲೆಯಲ್ಲಿಯೂ ಇರತಕ್ಕದ್ದು. ಅದನ್ನು ಬರೆಯುವ ಹೊಣೆಯನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳಿಗೇ ವಹಿಸಿದರೆ, ದಾನಿಯ ದ್ರವ್ಯವು ಸಾರ್ಥಕವಾಗುವುದರೊಡನೆ ಅಳೆದು ನೋಡಿ ಮುನ್ನಡೆಯುವ ವಿವೇಕವೂ ಅವರಿಗೆ ಅಭ್ಯಾಸವಾಗುತ್ತದೆ.