ಅಂಟು ಹಚ್ಚುವ ಮುಂಚೆ

ತಮ್ಮಾ, ಊಟಕ್ಕೆ ಕರೆದರೂ ಏಳದೆ ಆ ಡಕ್ ಲಾರಿಯ ಮಾದರಿ ಬಿಚ್ಚಿಕೊಂಡು ಕೂತಿದ್ದೀಯಂತೆ. ಕೂತಿರು, ತಪ್ಪಿಲ್ಲ. ಆದರೆ ಅಂಟಿನ ಮುಚ್ಚಳ ಇವತ್ತೇ ತೆಗೆಯಬೇಡ. ಯಾವ ತುಂಡು ಏನು ಕೆಲಸ ಮಾಡುತ್ತಿತ್ತು ಅನ್ನೋದು ಗೊತ್ತಾದ ಮೇಲೆ ಅಂಟಿಸು.

ಮುಂಡರಗಿ ಕಡೆ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದರಲ್ಲ, ದಡ ಮುಟ್ಟಿದರೆ ಅದರ ಕೆಲಸ ಮುಗಿಯಿತು. ಮುಂದೆ ಚೀಲ ತಲೆಯ ಮೇಲೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೂ ಇದೇ ತಾಪತ್ರಯ. ಬಂದರಿಲ್ಲದ ಕಡಲತೀರ, ದೂರದಲ್ಲಿ ನಿಂತ ಹಡಗು, ಸಾಮಾನು ಇಳಿಸಿ ಏರಿಸುವುದರಲ್ಲೇ ಹೊತ್ತು ಹೋಗೋದು. ಅದಕ್ಕೆಂದೇ 1942ರಲ್ಲಿ ಅಮೆರಿಕದ ಜಿಎಂಸಿಯ ಆರು ಗಾಲಿಯ, ಎರಡೂವರೆ ಟನ್ನಿನ ಲಾರಿಗೆ ದೋಣಿಯ ಒಡಲು ತೊಡಿಸಿದರು. ಅದೇ ಈ ಡಕ್. ಒಡಲಿನ ವಿನ್ಯಾಸಕ್ಕೆ ಕೈಹಾಕಿದವನು ಹಾಯಿದೋಣಿಗಳಲ್ಲಿ ನುರಿತ ರಾಡ್ ಸ್ಟೀಫನ್ಸ್. ಸೈನ್ಯದ ದೊಡ್ಡವರು ಮೊದಲು ಮೂಗು ಮುರಿದರು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಪ್ರಾವಿನ್ಸ್‌ಟೌನ್ ಹತ್ತಿರ ಬಿರುಗಾಳಿಗೆ ಸಿಕ್ಕ ಕರಾವಳಿ ಕಾವಲಿನ ದೋಣಿಯೊಂದು ಮರಳದಿಬ್ಬದ ಮೇಲೆ ಕೂತುಬಿಟ್ಟಿತು. ಪರೀಕ್ಷೆಗೆ ತಂದಿದ್ದ ಈ ಲಾರಿಯೇ ನೀರಿಗಿಳಿದು ಏಳು ಜನರನ್ನು ಕರೆತಂತು. ಆಮೇಲೆ ಯಾರ ತಕರಾರೂ ಉಳಿಯಲಿಲ್ಲ. 1945ರೊಳಗೆ 21,000ಕ್ಕೂ ಹೆಚ್ಚು ತಯಾರಾದವು. ಸಿಸಿಲಿ, ನಾರ್ಮಂಡಿ ಎರಡೂ ಕಡೆ ದಂಡೆ ಹತ್ತಿದವು.

ಈಗ ಅದರ ಹೊಟ್ಟೆ ಮೇಲೆ ಮಾಡಿ ನೋಡು. ಹಿಂಭಾಗದಲ್ಲಿ ಸುರಂಗದಂಥ ತಗ್ಗಿದೆ. ನೀರು ತಳ್ಳುವ ಪಂಖ ಅದರೊಳಗೆ ಕೂಡಬೇಕು, ನೆಲ ತಾಗಿ ಮುರಿಯಬಾರದಲ್ಲ. ಅದರ ಹಿಂದೆ ಚುಕ್ಕಾಣಿ. ಅದು ಸ್ಟೀರಿಂಗಿಗೇ ಜೋಡಿಸಿದ್ದು. ಹೀಗಾಗಿ ಮುಂದಿನ ಗಾಲಿ ಎಡಕ್ಕೆ ಹೊರಳಿಸಿ ಅಂಟಿಸಿದರೆ ಚುಕ್ಕಾಣಿಯ ಹಿಂದಂಚೂ ಎಡಕ್ಕೇ ಹೊರಳಬೇಕು. ಇದರಲ್ಲಿ ತಪ್ಪಿದವರೇ ಜಾಸ್ತಿ. ಒಡಲಿನ ಎರಡು ಭಾಗ ಮುಚ್ಚುವ ಮುಂಚೆ ಅಂಟಿಲ್ಲದೆ ಜೋಡಿಸಿ ನೋಡು, ಒಳಗಿನ ಬಣ್ಣ ಆಗಲೇ ಮುಗಿಸು.

ಬಂದೂಕಿನ ಆಸೆ ಇದ್ದೇ ಇರುತ್ತದೆ ನಿನ್ನ ವಯಸ್ಸಿಗೆ. ಬಂದೂಕು ಕೂರಿಸುವ ಬಳೆ ಇದ್ದದ್ದು ನಾಲ್ಕರಲ್ಲಿ ಒಂದಕ್ಕೆ. ಉಳಿದವು ಬರೀ ಹೊರೆ ಹೊರುವ ಗಾಡಿ, ತೆಳು ತಗಡಿನ ಮೈ. ನನ್ನನ್ನು ಕೇಳಿದರೆ ಬಂದೂಕು ಬಿಟ್ಟು ಪೆಟ್ಟಿಗೆ, ಡಬ್ಬಿ ಏರಿಸು.

ಟಾಯರಿನ ಕಡೆ ಗಮನ ಇರಲಿ. ಚಾಲಕ ಕೂತಲ್ಲೇ ಟಾಯರಿನ ಗಾಳಿ ಇಳಿಸಬಹುದಿತ್ತು, ಏರಿಸಬಹುದಿತ್ತು. ಮರಳಿಗೆ ಕಡಿಮೆ, ಡಾಂಬರಿಗೆ ಹೆಚ್ಚು. ಮರಳ ಮೇಲೆ ನಿಲ್ಲಿಸುವುದಾದರೆ ಟಾಯರಿನ ತಳ ಅರದಿಂದ ತುಸು ಉಜ್ಜಿ ಚಪ್ಪಟೆ ಮಾಡು. ಅಸಲಿ ಗಾಡಿ 31 ಅಡಿ. 1:35ರ ಅಳತೆಗೆ ನಿನ್ನದು ಸುಮಾರು 27 ಸೆಂಟಿಮೀಟರ್. ಹೀಗಾಗಿ ಹೆಚ್ಚು ಉಜ್ಜಿದರೆ ಕಣ್ಣಿಗೆ ಹೊಡೆಯುತ್ತದೆ.

ಕಡೆಗೆ ಕೆಸರು. ಗದಗಿನ ಎರೆಯ ಕಪ್ಪು, ಶಿರಹಟ್ಟಿ ಮಸಾರಿಯ ಕೆಂಪು ಎರಡೂ ಬೇಡ. ನಾರ್ಮಂಡಿಯದು ಮಾಸಲು ಹಳದಿ ಮರಳು. ಸಮುದ್ರದಿಂದ ಈಗಷ್ಟೇ ಎದ್ದ ಗಾಡಿ ಅಂತಾದರೆ ಮೈಮೇಲೆ ಒಣ ಧೂಳು ಹಾಕಬೇಡ. ಒಡಲು ಒದ್ದೆಯಾಗಿ ಹೊಳೆಯಲಿ, ಮರಳು ಟಾಯರಿನ ಗೀರುಗಳಲ್ಲಿ ಮಾತ್ರ ಸಿಕ್ಕಿರಲಿ.