ಮೋಟಾರು ಸೈಕಲ್ಲಿಗೆ ಹೆಚ್ಚುವರಿ ದೀಪ: ಸುರಕ್ಷಿತ ವೈರಿಂಗ್ ಕುರಿತು ಅಧ್ಯಯನ ಪಾಠ

ಗ್ರಾಮಾಂತರ ರಸ್ತೆಗಳಲ್ಲಿ ರಾತ್ರಿಯ ಸಂಚಾರವು ಬಹುಪಾಲು ಮೋಟಾರು ಸೈಕಲ್ಲುಗಳದ್ದೇ ಆಗಿರುತ್ತದೆ. ತ್ರೀ ಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ದೊರೆಯುವ ಕಡೆ ರೈತರು ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ತೆರಳುತ್ತಾರೆ. ನೀರುಗಂಟಿಗಳು ಬೆಳಗಿನ ಜಾವವೇ ವಾಲ್ವ್ ತಿರುಗಿಸಲು ಹೊರಡುತ್ತಾರೆ. ಸಣ್ಣ ವಾಹನಗಳ 35 ವ್ಯಾಟ್ ಹೆಡ್‌ಲೈಟ್ ಸಾಲದೆಂದು ಹೆಚ್ಚುವರಿ ದೀಪ ಹಾಕಿಸುವುದು ಸಹಜವೇ. ಆದರೆ ಅಪಾಯವು ದೀಪಕ್ಕಿಂತ ಹೆಚ್ಚಾಗಿ ಅದರ ವೈರಿಂಗ್‌ನಲ್ಲಿದೆ.

ರೂಢಿಯಲ್ಲಿರುವ ಕ್ರಮವೆಂದರೆ ಹೆಡ್‌ಲೈಟಿನ ವೈರನ್ನು ಸುಲಿದು, ಹೊಸ ವೈರನ್ನು ಅದಕ್ಕೆ ಸುತ್ತಿ, ಟೇಪು ಅಂಟಿಸುವುದು. ಹತ್ತು ನಿಮಿಷದ ಕೆಲಸ. ಆದರೆ ಆ ವೈರು ಮತ್ತು ಹ್ಯಾಂಡಲಿನ ಸ್ವಿಚ್ಚು ತಯಾರಾಗಿರುವುದು ಮೂಲ ಬಲ್ಬಿನ ಸುಮಾರು 3 ಆಂಪಿಯರ್ ಪ್ರವಾಹಕ್ಕೆ ಮಾತ್ರ. ತಲಾ 20 ವ್ಯಾಟಿನ ಎರಡು ಎಲ್‌ಇಡಿ ದೀಪಗಳೆಂದರೆ 40 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಮತ್ತೆ 3.3 ಆಂಪಿಯರ್. ಅಂದರೆ ಪ್ರವಾಹವು ಎರಡು ಪಟ್ಟಿಗೂ ಮೀರುತ್ತದೆ. ವೈರಿನಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ನಾಲ್ಕು ಪಟ್ಟನ್ನು ದಾಟುತ್ತದೆ. ತಲಾ 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳಿಗಾದರೆ ಅವುಗಳಿಗೇ 9 ಆಂಪಿಯರ್ ಬೇಕು. ಸಣ್ಣ ವಾಹನಕ್ಕೆ ಇವು ತಕ್ಕವಲ್ಲ.

ಸರಿಯಾದ ಕ್ರಮವನ್ನು ತಿಳಿಯಲು ಕೊಳವೆಬಾವಿಯ ಸ್ಟಾರ್ಟರನ್ನು ನೆನೆದರೆ ಸಾಕು. ಅಲ್ಲಿ ಬೆರಳಿನಿಂದ ಒತ್ತುವ ಗುಂಡಿಯ ಮೂಲಕ ಮೋಟಾರಿನ ಪೂರ್ಣ ಪ್ರವಾಹ ಹರಿಯುವುದಿಲ್ಲ. ಗುಂಡಿಯು ಒಳಗಿನ ಕಾಯಿಲಿಗೆ ಅಪ್ಪಣೆ ನೀಡುತ್ತದೆ, ಭಾರವನ್ನು ಕಾಂಟ್ಯಾಕ್ಟರ್ ಹೊರುತ್ತದೆ. ಮೋಟಾರು ಸೈಕಲ್ಲಿನಲ್ಲಿ ಇದೇ ಕೆಲಸವನ್ನು ನಾಲ್ಕು ಕಾಲುಗಳ ಒಂದು ರಿಲೇ ಮಾಡುತ್ತದೆ. ಅದರ 30ನೆಯ ಕಾಲಿಗೆ ಬ್ಯಾಟರಿಯ ಪಾಸಿಟಿವ್, 87ಕ್ಕೆ ದೀಪಗಳು, 85ಕ್ಕೆ ನೆಗೆಟಿವ್, 86ಕ್ಕೆ ಸ್ವಿಚ್ಚಿನಿಂದ ಬರುವ ವೈರು. ದೀಪಗಳ ಇನ್ನೊಂದು ವೈರನ್ನು ಬಣ್ಣ ಹಚ್ಚಿದ ಚಾಸಿಗೆ ಬಿಗಿಯುವ ಬದಲು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಒಯ್ಯುವುದು ಲೇಸು.

ಬ್ಯಾಟರಿಯಿಂದ ಹೊರಡುವ ವೈರಿಗೆ, ಬ್ಯಾಟರಿಯ ಸಮೀಪದಲ್ಲಿಯೇ ಪ್ರತ್ಯೇಕ ಫ್ಯೂಸ್ ಇರಲೇಬೇಕು. ಮೇಲ್ಕಂಡ 40 ವ್ಯಾಟಿನ ದೀಪಗಳಿಗೆ 5 ಆಂಪಿಯರ್ ಫ್ಯೂಸ್ ಮತ್ತು 1 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ಫ್ಯೂಸನ್ನು ದೀಪದ ಬಳಿ ಹಾಕಿದರೆ ನಡುವಿನ ವೈರಿಗೆ ರಕ್ಷಣೆಯಿಲ್ಲ, ಮತ್ತು ಆ ವೈರು ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಮೂಲ ವೈರಿಂಗ್‌ನಿಂದಲೇ ಪ್ರವಾಹ ಕದ್ದಿದ್ದರೆ ಇನ್ನೊಂದು ತೊಡಕು: ಅನೇಕ ಸಣ್ಣ ವಾಹನಗಳಲ್ಲಿ ಇಡೀ ವಾಹನಕ್ಕೆ ಒಂದೇ ಫ್ಯೂಸ್. ಹೆಚ್ಚುವರಿ ದೀಪದ ಒಂದು ಶಾರ್ಟ್‌ನಿಂದ ಅದು ಸುಟ್ಟುಹೋದರೆ ಬ್ಯಾಟರಿಯಿಂದ ಉರಿಯುವ ಎಲ್ಲ ದೀಪಗಳೂ ಒಮ್ಮೆಗೇ ಆರುತ್ತವೆ. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವ ಅಭ್ಯಾಸವಂತೂ ಬೆಂಕಿಗೆ ಆಹ್ವಾನ.

ಸ್ವಿಚ್ಚಿನ ವೈರನ್ನು ಹೈ ಬೀಮ್ ವೈರಿನಿಂದ ಪಡೆಯುವುದು ಉತ್ತಮ. ಎದುರು ವಾಹನ ಬಂದಾಗ ಡಿಪ್ ಮಾಡಿದೊಡನೆ ಹೆಚ್ಚುವರಿ ದೀಪಗಳೂ ಆರುತ್ತವೆ. ಆದರೆ ಹಲವು ಹಳೆಯ 100 ಸಿಸಿ ವಾಹನಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲ್ಲದೆ ಎಂಜಿನ್ನಿನ ಕಾಯಿಲಿನ ಎಸಿ ವಿದ್ಯುತ್ತಿನಿಂದ ಉರಿಯುತ್ತದೆ. ಎಂಜಿನ್ನಿನ ವೇಗ ತಗ್ಗಿದಂತೆ ಬೆಳಕೂ ಮಂಕಾಗುವುದು ಅದರ ಗುರುತು. ಅಂತಹ ವೈರಿಗೆ ಜೋಡಿಸಿದ ರಿಲೇ ಗಡಗಡ ಅಲುಗಿ ಬೇಗ ಕೆಡುತ್ತದೆ. ಅಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಹಾರ್ನ್ ಅಥವಾ ಇಂಡಿಕೇಟರ್ ವೈರನ್ನು ಪ್ರತ್ಯೇಕ ಸ್ವಿಚ್ಚಿನ ಮೂಲಕ ಬಳಸತಕ್ಕದ್ದು. ಡಿಪ್ ಮಾಡುವಾಗ ಆ ಸ್ವಿಚ್ಚನ್ನೂ ಆರಿಸಬೇಕಾಗುತ್ತದೆ.

ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ವೈರು ಬಿಗಿಯಬಾರದು, ಸೈಲೆನ್ಸರಿಗೆ ತಾಗಬಾರದು. ಕೂಡುಗಳನ್ನು ಕ್ರಿಂಪ್ ಮಾಡಿ, ಶಾಖಕ್ಕೆ ಕುಗ್ಗುವ ಕೊಳವೆಯಿಂದ ಮುಚ್ಚಬೇಕು; ಬರಿಯ ಟೇಪು ಒಂದು ಮಳೆಗಾಲವನ್ನೂ ತಾಳಲಾರದು.

ಇನ್ನು ಕಾನೂನು. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರು 5,000 ರೂಪಾಯಿ ದಂಡಕ್ಕೆ ಗುರಿಯಾಗಬಹುದು. ಆದುದರಿಂದ ಆಯಾ ಕಂಪನಿಯೇ ತನ್ನ ಮಾದರಿಗೆ ಒದಗಿಸುವ ದೀಪವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಾಕಿಸಿ ರಸೀದಿ ಇರಿಸಿಕೊಳ್ಳುವುದು ಕ್ಷೇಮಕರ. ಸಂದೇಹವಿದ್ದಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಮುಂದಕ್ಕೆ ಕೆಂಪು ಬೆಳಕು ತೋರುವಂತಿಲ್ಲ. ಅಧ್ಯಕ್ಷರ ವಾಹನಕ್ಕೂ ಇದರಲ್ಲಿ ವಿನಾಯಿತಿಯಿಲ್ಲ.

ಕೇಂದ್ರ ಮೋಟಾರು ವಾಹನಗಳ ನಿಯಮ 106ರ ಪ್ರಕಾರ ದೀಪದ ಕಿರಣವು ಕೆಳಮುಖವಾಗಿರಬೇಕು. 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 8 ಮೀಟರ್ ದೂರದಲ್ಲಿ ವಾಹನ ನಿಲ್ಲಿಸಿ, ಸವಾರನನ್ನು ಕೂರಿಸಿ, ಪ್ರಖರ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಕೆಳಗೆ ಬೀಳುವಂತೆ ತಿರುಪು ಬಿಗಿಯಬೇಕು. ಎದುರಿಗೆ ಬರುವುದು ದೀಪವೇ ಇಲ್ಲದ ಎತ್ತಿನ ಗಾಡಿಯೋ ಟ್ಯೂಷನ್ ಮುಗಿಸಿದ ಮಕ್ಕಳ ಸೈಕಲ್ಲೋ ಆಗಿರಬಹುದು. ಅವರಿಗೆ ಡಿಪ್ ಮಾಡಿ ಎಚ್ಚರಿಸುವ ಉಪಾಯವೂ ಇರುವುದಿಲ್ಲ.

ಕೊನೆಯದಾಗಿ ಬ್ಯಾಟರಿ. ಎಲ್ಲ ದೀಪಗಳೂ ಉರಿಯುತ್ತಿರುವಾಗ ಎಂಜಿನ್ನನ್ನು ಸಂಚಾರದ ವೇಗಕ್ಕೆ ಏರಿಸಿ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 13.5 ವೋಲ್ಟಿನ ಆಸುಪಾಸು ಕಾಣಬೇಕು. 12.5ಕ್ಕಿಂತ ಕೆಳಗಿಳಿದರೆ ಎಂಜಿನ್ ಉತ್ಪಾದಿಸುವುದಕ್ಕಿಂತ ದೀಪಗಳು ಹೆಚ್ಚು ಕಬಳಿಸುತ್ತಿವೆ ಎಂದರ್ಥ. ಕಡಿಮೆ ವ್ಯಾಟಿನ ದೀಪಕ್ಕೆ ಬದಲಾಯಿಸತಕ್ಕದ್ದು.