ನಾಣ್ಯಕ್ಕೆ ಬೆಳಕು ಹಿಡಿಯುವ ಮುನ್ನ

ಮಗೂ, ಮನೆಯ ಹಳೆಯ ನಾಣ್ಯಗಳ ಫೋಟೊ ತೆಗೆಯಬೇಕೆಂದಿದ್ದೀಯಲ್ಲ, ತುಂಬ ಒಳ್ಳೆಯ ಕೆಲಸ. ಆದರೆ ದಯವಿಟ್ಟು ಅವನ್ನು ತೊಳೆಯಬೇಡ. ಫೋಟೊದಲ್ಲಿ ಹೊಳೆಯಲಿ ಎಂದು ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ಉಜ್ಜುವವರಿದ್ದಾರೆ. ತಾಮ್ರದ ಮೇಲೆ ವರ್ಷಗಟ್ಟಲೆ ಕೂತ ಕಂದು ಪದರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಉಜ್ಜಿದ ಗೀರುಗಳು ಮಾತ್ರ ಉಳಿಯುತ್ತವೆ, ಕ್ಯಾಮೆರಾ ಅವನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ನಾಣ್ಯವನ್ನು ಅಂಚು ಹಿಡಿದೇ ಎತ್ತು. ಧೂಳಿದ್ದರೆ ಬಾಯಿಂದ ಊದಬೇಡ, ಎಂಜಲು ಹಾರುತ್ತದೆ.

ಇನ್ನು ಬೆಳಕು. ಹೊಳೆಯುವ ಲೋಹ ತನ್ನ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಬರೀ ಬಲ್ಬು ಹಿಡಿದರೆ ನಾಣ್ಯದಲ್ಲಿ ಬಲ್ಬು ಕಾಣುತ್ತದೆ. ಮೊಬೈಲಿನ ಫ್ಲ್ಯಾಶ್ ಹಾಕಿದರೆ ನಡುವೆ ಒಂದು ಬಿಳಿ ಮಚ್ಚೆ, ಸುತ್ತ ಕತ್ತಲೆ. ಆದ್ದರಿಂದ ಫ್ಲ್ಯಾಶ್ ಆರಿಸು. ನಾಣ್ಯದ ಜಾಗದಲ್ಲಿ ನೀನೇ ಮಲಗಿದ್ದರೆ ಮೇಲೆ ಏನು ಕಾಣುತ್ತಿತ್ತು ಎಂದು ಯೋಚಿಸು. ಅಲ್ಲಿ ಬಿಳಿ ಹರವು ಇರಬೇಕು.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗೆ ಇದು ಬಹಳ ಮುಖ್ಯ. ಟೇಬಲ್ ಲ್ಯಾಂಪಿಗೂ ನಾಣ್ಯಕ್ಕೂ ನಡುವೆ ಒಂದು ಹಾಳೆ ಬಟರ್ ಪೇಪರ್ ಇಳಿಬಿಡು, ಎದುರು ಬದಿಗೆ ಥರ್ಮಾಕೋಲಿನ ತುಂಡು ನಿಲ್ಲಿಸು. ಬಲ್ಬು ಎಲ್‌ಇಡಿಯದೇ ಇರಲಿ, ಹಳೆಯ ತಂತಿಯ ಬಲ್ಬಿನ ಬಿಸಿಗೆ ಕಾಗದ ಹೊತ್ತಿಕೊಳ್ಳಬಹುದು. ಮೊಬೈಲಿನ ಕಪ್ಪು ನೆರಳು ಬೆಳ್ಳಿಯಲ್ಲಿ ಕಂಡರೆ ಹಳೆಯ ಫೋಟೊ ಫ್ರೇಮಿನ ಗಾಜು ಬಿಚ್ಚಿ ತಾ. ಅದನ್ನು ನಾಣ್ಯದ ಮೇಲೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಬೆಳಕು ಬಿಡು. ಗಾಜಿಗೆ ಬಡಿದ ಬೆಳಕಿನಲ್ಲಿ ಒಂದು ಪಾಲು ನೇರ ಕೆಳಗಿಳಿದು ನಾಣ್ಯದ ಮೇಲೆ ಬೀಳುತ್ತದೆ. ನೀನು ಮೇಲಿಂದ ಅದೇ ಗಾಜಿನ ಮೂಲಕ ಚಿತ್ರ ತೆಗೆಯಬೇಕು. ನಾಣ್ಯದ ಬಯಲೆಲ್ಲ ಬೆಳಗಿ, ಅದರ ಮೇಲಿನ ಮುಖದ ಗೆರೆಗಳು ಕಪ್ಪಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ದುಬಾರಿ ಸಲಕರಣೆ ಕೊಳ್ಳುವ ಮೊದಲು ಇದನ್ನು ಮಾಡಿ ನೋಡು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಮನೆಯಲ್ಲಿ ಸಿಗದು.

ಸವೆದ ತಾಮ್ರಕ್ಕೆ ಬೇಕಾದದ್ದು ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು ನಿನ್ನ ಬಳಿ ಇದೆಯೆಂದುಕೋ. ಒಂದು ಬದಿಗೆ ಆನೆ, ಅದರ ಮೇಲೆ ‘ಶ್ರೀ’. ಇನ್ನೊಂದು ಬದಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೆಲೆ. ಅಕ್ಷರ ಸವೆದಿದ್ದರೆ ಮೆತ್ತನೆಯ ಬೆಳಕಿನಲ್ಲಿ ಅದು ಇನ್ನಷ್ಟು ಮಾಯವಾಗುತ್ತದೆ. ಕಾಗದ ತೆಗೆದುಹಾಕು. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಎಡ ಮೇಲ್ಮೂಲೆಯಿಂದ ಓರೆಯಾಗಿ ಹಾಯಿಸು. ಅಳಿದುಳಿದ ಉಬ್ಬಿಗೂ ನೆರಳು ಬಿದ್ದು ಓದಲು ಬರುತ್ತದೆ. ದೀಪ ಕೆಳಗಿನ ಬದಿಯಲ್ಲಿದ್ದರೆ ಮಾತ್ರ ಕಣ್ಣಿಗೆ ಮೋಸ. ಬೆಳಕು ಮೇಲಿಂದಲೇ ಬರುತ್ತದೆಂದು ನಮ್ಮ ಮನಸ್ಸು ನಂಬಿರುವುದರಿಂದ ಉಬ್ಬಿದ ಆನೆ ಕೊರೆದ ಹಳ್ಳದಂತೆ ಕಾಣುತ್ತದೆ.

ಕಿಟಕಿಯ ಬೆಳಕನ್ನೂ ಬಲ್ಬನ್ನೂ ಬೆರೆಸಬೇಡ, ಬೆಳ್ಳಿಯ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ ಆಗುತ್ತದೆ. ಮೊಬೈಲಿನ ಪರದೆಯ ಮೇಲೆ ಅಡ್ಡಪಟ್ಟೆ ಹರಿದಾಡಿದರೆ ಅದು ಅಗ್ಗದ ಎಲ್‌ಇಡಿಯ ಮಿನುಗು. ನಮ್ಮ ಮನೆಯ ಕರೆಂಟಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಬಲ್ಬು ಬದಲಿಸು, ಇಲ್ಲವೇ ಹಗಲಿನಲ್ಲಿ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕೂತುಕೋ.

ಮೊಬೈಲನ್ನು ಕೈಯಲ್ಲಿ ಹಿಡಿಯದೆ ಎರಡು ಪುಸ್ತಕದ ರಾಶಿಗಳ ನಡುವೆ ಸೇತುವೆಯ ಹಾಗೆ ಇಡು. ತೀರ ಹತ್ತಿರ ತಂದರೆ ಅದರ ನೆರಳೇ ನಾಣ್ಯವನ್ನು ನುಂಗುತ್ತದೆ. ಸ್ವಲ್ಪ ದೂರ ಸರಿಸಿ ಎರಡರಷ್ಟು ಜೂಮ್ ಮಾಡು. ಪರದೆಯ ಮೇಲೆ ಬೆರಳು ಒತ್ತಿಹಿಡಿದು ಫೋಕಸ್ ನಿಲ್ಲಿಸು, ಬೆಳಕು ತುಸು ತಗ್ಗಿಸು, ಟೈಮರ್ ಹಾಕಿ ಕೈ ತೆಗೆ.

ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಇನ್ನೊಂದು ಚಿತ್ರವನ್ನೂ ತೆಗೆ. ಪರದೆಯ ಮೇಲೆ ಉಗುರಿಗಿಂತ ಚಿಕ್ಕದಾದ ‘ಹಣ’ ಎಂಬ ಚಿನ್ನದ ನಾಣ್ಯವೂ 30 ಮಿಲಿಮೀಟರ್ ಅಗಲದ ರೂಪಾಯಿಯೂ ಒಂದೇ ಗಾತ್ರ. ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿ ತೂಕ ಬರೆದಿಡು: ಬ್ರಿಟಿಷ್ ಬೆಳ್ಳಿ ರೂಪಾಯಿ 11.66 ಗ್ರಾಂ, ವಿಜಯನಗರದ ವರಾಹ ಸುಮಾರು 3.4 ಗ್ರಾಂ. ಇವಕ್ಕಿಂತ ತುಂಬ ಹೆಚ್ಚುಕಡಿಮೆ ಬಂದರೆ ತಿಳಿದವರಿಗೆ ತೋರಿಸು. ಯಾವ ನಾಣ್ಯ ಯಾರ ಕೈಯಿಂದ ಮನೆಗೆ ಬಂತೆಂಬುದನ್ನು ಮಾತ್ರ ಯಾವ ದೀಪವೂ ತೋರಿಸದು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳು, ಪ್ರತಿ ಚಿತ್ರದ ಜೊತೆ ಅದನ್ನೂ ಬರೆದಿಡು.